ಕಪ್ಪು ರಿಬ್ಬನ್ನಿನ ಗಂಟು

ಹ್ಯಾರಿಸನ್, ನ್ಯೂಜೆರ್ಸಿ
೧೦ ಸೆಪ್ಟೆಂಬರ್ ೧೯೮೮, ಶನಿವಾರ

ಪ್ರೀತಿಯ ಅಪ್ಪನಿಗೆ ಪ್ರಭಾಳ ನಮಸ್ಕಾರಗಳು.

ಇವತ್ತು ಬೆಳಿಗ್ಗೆ ನಾನು ಕೆಲಸ ಮಾಡುವ ಲೈಬ್ರರಿಯಲ್ಲಿ, ಎಪ್ಪತ್ತು ದಾಟಿದ ಗಂಡಸೊಬ್ಬರ ಕೋಟಿನ ಕಾಲರಿನ ಮೇಲೆ ಬಿಳಿ ಕೂದಲು ಹರಡಿಕೊಂಡಿದ್ದನ್ನು ಕಂಡೆ. ಕೈಯಲ್ಲಿ ಕಪ್ಪು ರಿಬ್ಬನ್ ಹಿಡಿದು, ಕಟ್ಟಿಕೊಳ್ಳಲು ಬಾರದೆ ಕನ್ನಡಿಯ ಮುಂದೆ ಒದ್ದಾಡುತ್ತಿದ್ದರು.

ಅವರು ರಾಸ್ ಅಂಕಲ್. ಪಕ್ಕದ ಕಾರ್ನಿ ಊರಿನಲ್ಲಿ ಸ್ಕಾಟ್ಲೆಂಡಿನಿಂದ ಬಂದವರು ಬಹಳ. ಇವತ್ತು ಲೈಬ್ರರಿಯಲ್ಲಿ ಅವರ ಹಳೆಯ ಕಾಲದ ಉಡುಪಿನ ಪ್ರದರ್ಶನ. ಅಂಕಲ್ ಲಂಗದಂಥ ಚೌಕುಳಿಯ ಕಿಲ್ಟ್, ಬೆಳ್ಳಿ ಗುಂಡಿಯ ಕೋಟು ತೊಟ್ಟಿದ್ದರು. ಇನ್ನೂರು ವರ್ಷಗಳ ಹಿಂದೆ ಅವರ ಬೆಟ್ಟದ ಸೀಮೆಯ ಗಂಡಸರು ಸಮಾರಂಭಕ್ಕೆ ಹೀಗೆ ಉಟ್ಟಾಗ, ಉದ್ದ ಕೂದಲನ್ನು ಹಿಂದಕ್ಕೆ ಬಾಚಿ ಕತ್ತಿನ ಬಳಿ ರಿಬ್ಬನ್ ಕಟ್ಟುತ್ತಿದ್ದರಂತೆ. ಕೆಲವರು ಬಿಳಿ ಪುಡಿಯನ್ನೂ ಹಚ್ಚುತ್ತಿದ್ದರಂತೆ. ಅದಕ್ಕೆಂದೇ ಇವರು ವರ್ಷವಿಡೀ ಕೂದಲು ಬಿಟ್ಟಿದ್ದರು.

ಹೆಂಡತಿ ಇದ್ದಿದ್ದರೆ ಕಟ್ಟುತ್ತಿದ್ದಳು, ನೀನು ಕಟ್ಟುತ್ತೀಯಾ ಎಂದು ಕೇಳಿದರು. ನನಗೆ ನಾಚಿಕೆ. ಆದರೆ ಕೂದಲು ಕೈಗೆ ಬಂದದ್ದೇ ತಡ, ಬೆರಳುಗಳು ತಾವಾಗಿಯೇ ಸುತ್ತಿ, ತಿರುಚಿ, ಗಂಟು ಹಾಕಿಬಿಟ್ಟವು. ರಿಬ್ಬನ್ ಅವರ ಕೈಯಲ್ಲಿಯೇ ಉಳಿದಿತ್ತು! ಅಂಕಲ್ ಕನ್ನಡಿ ನೋಡಿ ಜೋರಾಗಿ ನಕ್ಕರು. ಇದು ನಮ್ಮ ಮುತ್ತಜ್ಜನದ್ದಲ್ಲ, ಯಾರದ್ದು ಎಂದರು. ನಮ್ಮಪ್ಪನದ್ದು ಎಂದೆ.

ನಿಮ್ಮ ಬಲಗೈ ಮುರಿದಿದ್ದ ವರ್ಷ ನೆನಪಿದೆಯೇ? ಶನಿವಾರದ ಎಣ್ಣೆನೀರು, ತಾರಸಿಯ ಬಿಸಿಲು, ಸಾಂಬ್ರಾಣಿಯ ಹೊಗೆ. ನಾನು ಮೇಲಿನ ಮೆಟ್ಟಿಲಲ್ಲಿ ಕೂತು ನಿಮ್ಮ ಜುಟ್ಟು ಕಟ್ಟುತ್ತಿದ್ದೆ. "ಬಿಗಿ ಸಾಲ್ದು ಕಣೇ, ಬಸ್ಸು ಹತ್ತೋದ್ರೊಳಗೆ ಬಿಚ್ಚಿಹೋಗತ್ತೆ. ಆಮೇಲೆ ಪೋಸ್ಟಾಫೀಸಿನಲ್ಲಿ ನಾನು ಸ್ಟಾಂಪು ಮಾರ್ಲೋ, ತಲೆ ಕಟ್ಕೊಳ್ಳಲೋ?" ಅನ್ನುತ್ತಿದ್ದಿರಿ.

ಆ ಗಂಟು ಬಿಚ್ಚಿ ರಿಬ್ಬನ್ ಕಟ್ಟಿದೆ. ನಿಮ್ಮವರು ಈ ಉದ್ದ ಕೂದಲನ್ನು ಯಾಕೆ ಕೈಬಿಟ್ಟರು ಎಂದು ಅಂಕಲ್‌ರನ್ನು ಕೇಳಿದೆ. ಪಕ್ಕದವನು ಕತ್ತರಿಸಿದ, ಇವನೂ ಕತ್ತರಿಸಿದ, ಅಷ್ಟೇ ಎಂದರು. ಅವರ ಅಜ್ಜನ ಫೋಟೋದಲ್ಲಿ ಕಿಲ್ಟ್ ಇದೆ, ತಲೆ ಮಾತ್ರ ಕ್ರಾಪು.

ಅಪ್ಪ, ಅಕ್ಟೋಬರಿನಲ್ಲಿ ಇಲ್ಲಿಗೆ ಹೊರಡುವ ಮುಂಚೆ ಜುಟ್ಟು ತೆಗೆಸುತ್ತೇನೆ, ಅಳಿಯಂದಿರು ಹೇಳಿದ್ದು ಸರಿ ಎಂದು ಬರೆದಿದ್ದಿರಿ. ಹದಿನೈದು ದಿನದಿಂದ ನಾನು ಉತ್ತರ ಬರೆದಿರಲಿಲ್ಲ. ಮುಕುಂದ್ ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಹೋದ ವರ್ಷ ಹತ್ತಿರದ ಜರ್ಸಿ ಸಿಟಿಯಲ್ಲಿ ಕೆಲವು ಪುಂಡರು ನಮ್ಮ ದೇಶದವರನ್ನು ಗುರುತು ಹಿಡಿದು ಬೀದಿಯಲ್ಲಿ ಹೊಡೆದರು. ಅಂದಿನಿಂದ ಇವರಿಗೆ ಹೆದರಿಕೆ. ನಿಮಗೆಂದು ಈಗಲೇ ಉಲ್ಲನ್ ಟೋಪಿ ತಂದು ಕಾರಿನಲ್ಲಿಟ್ಟಿದ್ದಾರೆ.

ಆ ಟೋಪಿಯನ್ನು ಚಳಿಗೆ ಹಾಕಿಕೊಳ್ಳಿ, ಮುಚ್ಚಿಡುವುದಕ್ಕೆ ಬೇಡ. ಜುಟ್ಟು ತೆಗೆಸಬೇಡಿ. ಸಂಜೆ ವಾಕಿಂಗಿಗೆ ನಿಮ್ಮ ಜೊತೆ ನಾನೂ ಬರುತ್ತೇನೆ. ಇವರಿಗೆ ಇನ್ನೂ ಹೇಳಿಲ್ಲ. ಈ ಕಾಗದ ಪೋಸ್ಟ್ ಮಾಡಿ ಬಂದ ಮೇಲೆ ಹೇಳುತ್ತೇನೆ.

ನಿಮ್ಮ ಮಗಳು,
ಪ್ರಭಾ

ಮರೆತದ್ದು: ಮರೆತದ್ದಲ್ಲ, ಬರೆಯದೆ ಉಳಿಸಿಕೊಂಡದ್ದು. ಹೋದ ವರ್ಷದಿಂದ ನಾನು ಬಾಗಿಲು ದಾಟುವ ಮುಂಚೆ ಹಣೆಯ ಕುಂಕುಮ ಒರೆಸಿಕೊಂಡೇ ಹೋಗುತ್ತಿದ್ದೇನೆ. ಏರ್‌ಪೋರ್ಟಿಗೆ ಇಟ್ಟುಕೊಂಡು ಬರುತ್ತೇನೆ. ದೂರದಿಂದಲೇ ನಿಮಗೆ ಗುರುತು ಸಿಗುತ್ತದೆ.