ಅಲೀವಿಯೇಟ್ ಕಲಿಸಿದ ದಿನ

೧೨ ಆಗಸ್ಟ್, ಮಂಗಳವಾರ

ಜ್ವರ ಬಿಟ್ಟಿದೆ. ಶರಾವತಿಯ ಕೈ ಮಾತ್ರ ಕಣ್ಣೆದುರಿನಿಂದ ಹೋಗುತ್ತಿಲ್ಲ.

ತೀರ್ಥಹಳ್ಳಿಯ ಆಸ್ಪತ್ರೆಯಲ್ಲಿ ಇವತ್ತು ನನಗೆ ಡ್ರಿಪ್ ಹಾಕಿದ ನರ್ಸ್ ಅವಳು. ನನ್ನ ಹಳೇ ವಿದ್ಯಾರ್ಥಿನಿ. ಮಾಸ್ಕ್ ತೆಗೆಯುವವರೆಗೆ ಗುರುತೇ ಸಿಗಲಿಲ್ಲ.

"ಟೀಚರ್, ಅಲೀವಿಯೇಟ್ ಅಂದ್ರೆ ನೋವು ಕಡಿಮೆ ಮಾಡೋದು. ಇನ್ನೂ ಮರ್ತಿಲ್ಲ ನೋಡಿ," ಎಂದು ನಕ್ಕಳು.

ಹೇಗೆ ಮರೆತಾಳು? ಎಂಟನೇ ಕ್ಲಾಸಿನಲ್ಲಿ ಆ ಪದ ಬಳಸಿ ಒಂದು ವಾಕ್ಯ ಹೇಳು ಎಂದಿದ್ದೆ. ಸುಮ್ಮನೆ ನಿಂತಳು. ಸ್ಕೇಲಿನ ಅಂಚಿನಿಂದ ಬೆರಳ ಗೆಣ್ಣುಗಳ ಮೇಲೆ ನಾಲ್ಕು ಬಾರಿಸಿದೆ. ಆಮೇಲೆ ಅದೇ ಕೈಯಲ್ಲಿ ಆ ಪದವನ್ನು ನೂರು ಸಲ ಬರೆಸಿದೆ. ಇನ್ಸ್‌ಪೆಕ್ಷನ್ ಹತ್ತಿರ ಬಂದಿತ್ತು ಅಂತ... ಅದೆಲ್ಲ ನೆಪ.

ನನ್ನ ನರ ಸಿಗುವುದು ಕಷ್ಟ. ಎಲ್ಲರೂ ಮೂರು ನಾಲ್ಕು ಕಡೆ ಚುಚ್ಚುತ್ತಾರೆ. ಅವಳು ನನ್ನ ಕೈಯನ್ನು ತನ್ನ ಅಂಗೈ ಮೇಲಿಟ್ಟು ಸವರಿ, ಒಂದೇ ಸಲಕ್ಕೆ ಸೂಜಿ ಹಾಕಿದಳು.

"ನೋವಾಯ್ತಾ ಟೀಚರ್?"

"ಇಲ್ಲ ಮಾರಾಯ್ತಿ," ಅಂದೆ.

ಅವಳನ್ನೂ ಅದನ್ನೇ ಕೇಳಬೇಕಿತ್ತು. ಇಪ್ಪತ್ತು ವರ್ಷ ತಡವಾದರೂ ಕೇಳಬಹುದಿತ್ತು. ಡ್ರಿಪ್ ಮುಗಿಯಲು ಎರಡು ಗಂಟೆ ಹಿಡಿಯಿತು. ಅವಳು ಹತ್ತಿರ ಬಂದಾಗಲೆಲ್ಲ ನಾನು ಕಣ್ಣು ಮುಚ್ಚಿ, ನಿದ್ದೆ ಬಂದವಳ ಹಾಗೆ ಮಲಗಿದ್ದೆ.