ನುಂಗಿದ ಸೀನು

14-10-2004, ಗುರುವಾರ. ಸಂಜೆ 5

ಲೆಕ್ಕ ಮೊದಲು, ಸಿಟ್ಟು ಆಮೇಲೆ. ಸಿದ್ದಾಪುರದಿಂದ ಹುಬ್ಬಳ್ಳಿಗೆ ಹನ್ನೆರಡು ಟ್ರಿಪ್. ಮುಗಿದ ಸಿಟಿಂಗ್ ಹತ್ತು. ಜೀಪಿನ ಒಂದು ಟೈರ್. ಅಕ್ಕನ ಎಸ್‌ಟಿಡಿ ಬೂತಿಗೆ ಹನ್ನೆರಡು ದಿನ ಬೀಗ. ಇವತ್ತು ಅವಳ ಬಲಗಿವಿ. ಪರದೆಯ ಹಿಂದೆ ರಕ್ತ ಕಟ್ಟಿದೆಯಂತೆ.

ಸಕ್ಕರೆ ಕಾಯಿಲೆಯಿಂದ ಅವಳ ಕಾಲಿನ ಎರಡು ಬೆರಳು ಕಪ್ಪಾಗುತ್ತಿದ್ದವು. ಒತ್ತಡದ ಕೋಣೆಯಲ್ಲಿ ಕೂತು ಆಕ್ಸಿಜನ್ ಎಳೆದುಕೊಳ್ಳಬೇಕು, ಮೂವತ್ತು ಸಿಟಿಂಗ್ ಆದರೆ ಉಳಿಯಬಹುದು ಎಂದಿದ್ದರು ಡಾಕ್ಟರ್. ಹತ್ತಕ್ಕೇ ಕಪ್ಪು ಹೋಗಿ ಗಾಯ ಕೆಂಪಾಗತೊಡಗಿತ್ತು. ಈಗ ಕಿವಿ ವಾಸಿಯಾಗುವವರೆಗೆ ಕೋಣೆ ಬಂದ್. ಮೂರು ವಾರ! ಬೆರಳಿಗೆ ಕಾಯಲು ಪುರುಸೊತ್ತು ಇದೆಯೇ?

ಕೋಣೆ ನಡೆಸುವ ಸುನೀಲ ಮೊದಲ ದಿನ ಕಲಿಸಿದ್ದ. ಒತ್ತಡ ಏರುವಾಗ ವಿಮಾನ ಇಳಿದ ಹಾಗೆ ಕಿವಿ ಕಟ್ಟುತ್ತದೆ. ನೋವು ಬರುವ ಮೊದಲೇ ಉಗುಳು ನುಂಗಿ, ಮೂಗು ಹಿಡಿದು ಮೆಲ್ಲಗೆ ಊದಿ. ಆಗದಿದ್ದರೆ ಕೈ ಎತ್ತಿ. ವಿಮಾನ ಕಂಡವರು ಯಾರು? ದೇವಿಮನೆ ಘಟ್ಟ ಇಳಿದ ಹಾಗೆ ಎಂದು ಅಕ್ಕನಿಗೆ ನಾನು ಬಿಡಿಸಿ ಹೇಳಿದೆ. ಹತ್ತು ದಿನ ಸರಿಯಾಗಿ ಮಾಡಿದಳು. ಇವತ್ತೇನಾಯಿತು? ಆ ಹುಡುಗ ಗಾಳಿ ಜೋರಾಗಿ ಬಿಟ್ಟಿದ್ದಾನೆ, ಮತ್ತೇನು. ನಾಳೆ ಹೋಗಿ ಗ್ರಹಚಾರ ಬಿಡಿಸುತ್ತೇನೆ.

ದಂಡವಾದ ಒಂದು ಟ್ರಿಪ್ ಭಟ್ಟರದ್ದು. ಜೊತೆಗೆ ಬರುವ ಶಿರಸಿಯ ವೆಂಕಟ್ರಮಣ ಭಟ್ಟರು, ಅವರದ್ದೂ ಕಾಲಿನ ಗಾಯ. ಹೋದ ವಾರ ಜೀಪು ಹತ್ತುವಾಗ ಸೀನಿದರು. ಒಂಟಿ ಸೀನು. ಎಲ್ಲರನ್ನೂ ಇಳಿಸಿ, ಕೂರಿಸಿ, ನೀರು ಕುಡಿಸಿ ಹೊರಟೆ. ಯಲ್ಲಾಪುರ ದಾಟಿದ ಮೇಲೆ ಎಷ್ಟು ಓಡಿಸಿದರೂ ಅಷ್ಟೆ, ಕೋಣೆಯ ಬಾಗಿಲು ಹಾಕಿತ್ತು. ಇನ್ನು ಸೀನುವವರು ಬಸ್ಸಿಗೆ ಬನ್ನಿ ಎಂದುಬಿಟ್ಟೆ.

15-10, ಮಧ್ಯಾಹ್ನ

ಹುಬ್ಬಳ್ಳಿ. ಕೂಗಾಡಿದೆ. ಆಸ್ಪತ್ರೆಗೆ ಆಸ್ಪತ್ರೆಯೇ ನಿಂತು ನೋಡಿತು. ಸುನೀಲ ದನಿ ಏರಿಸಲಿಲ್ಲ. ನಿಮ್ಮ ಅಕ್ಕ ಕೈ ಎತ್ತಿದ ಕೂಡಲೇ ನಿಲ್ಲಿಸಿದೆ, ಒತ್ತಡ ಇಳಿಸಿದೆ ಎಂದ. ಆಮೇಲೆ ಫೈಲ್ ತೆಗೆದ.

"ನೆಗಡಿ ಇದ್ದಾಗ ಕಿವಿ ತೆರೀಲಿಕ್ಕೆ ಬರಂಗಿಲ್ರಿ. ಅದಕ್ಕ ದಿನಾ ಕೇಳೋದು. ನಿನ್ನಿ ಕಾಗದದಾಗ ನೆಗಡಿ ಇಲ್ಲ ಅಂತದ. ಸಹಿ ಯಾರದ್ರಿ, ಕೆರಿಯಪ್ಪನವರ?"

ನನ್ನದೇ. ಅಕ್ಕ ದಿನಾ ಕುಂಟಿಕೊಂಡು ಕೌಂಟರಿಗೆ ಹೋಗುವುದು ಯಾಕೆಂದು ಐದು ದಿನದ ಕಾಗದಕ್ಕೆ ಒಂದೇ ಸಲ "ಇಲ್ಲ, ಇಲ್ಲ" ಬರೆದು ಕೊಟ್ಟಿದ್ದೆ. ಕೌಂಟರಿನವಳನ್ನು ಮಾತಿನಲ್ಲೇ ಒಪ್ಪಿಸಿದ್ದೆ. ಜಾಣತನ ಅಂದುಕೊಂಡಿದ್ದೆ...

ಆದರೂ ಬೈದೇ ಬಂದೆ.

16-10

ಅಕ್ಕನ ಮೇಲೂ ಹಾರಾಡಿದೆ. ನೆಗಡಿ ಇದ್ದರೆ ಬಾಯಿ ಬಿಡಬಾರದಿತ್ತಾ ಎಂದೆ. ಎಡಗಿವಿ ನನ್ನ ಕಡೆ ತಿರುಗಿಸಿ ಕೇಳಿಸಿಕೊಂಡಳು.

"ಜೀಪ್ ಹತ್ತುವಾಗ ಸೀನು ಬಂತು ತಮಾ. ಮೂಗು ಹಿಡ್ಕಂಡು ನುಂಗ್ದೆ. ಸೀನಿದ್ರೆ ನೀ ಇಳಿಸಿ ಕೂರಿಸ್ತಿದ್ದೆ. ಬಾಗಿಲು ಹಾಕ್ಬಿಡ್ತಿದ್ರು. ಗಾಯ ಕೆಂಪಾಗ್ತಾ ಇತ್ತಲ್ಲೋ..."

ಹಾರಾಟ ನಿಂತಿತು. ಸಿಟ್ಟು ನಿಂತಿಲ್ಲ. ಯಾರ ಮೇಲೆ ಇಳಿಸಲಿ?

12-11

ಇಪ್ಪತ್ತೇಳು ದಿನ ಬರೆದಿಲ್ಲ. ಕಿವಿ ವಾಸಿಯಾಯಿತು. ಬೆರಳು ಕಾಯಲಿಲ್ಲ. ಸೋಮವಾರ ಎರಡನ್ನೂ ತೆಗೆದರು. ಭಟ್ಟರು ಬಸ್ಸಿನಲ್ಲೇ ಓಡಾಡಿ ಮೂವತ್ತೂ ಮುಗಿಸಿದರು. ದಾರಿಯುದ್ದ ಸೀನುತ್ತಿದ್ದರಂತೆ, ಡ್ರೈವರ್ ತಿರುಗಿಯೂ ನೋಡಲಿಲ್ಲವಂತೆ.

ಯಾರಿಗೆ ಏನು ಸಿಕ್ಕಿತು —

ಭಟ್ಟರಿಗೆ: ಪೂರ್ತಿ ಕಾಲು.
ಆಸ್ಪತ್ರೆಗೆ: ನನ್ನ ಸಹಿಯ ಐದು ಕಾಗದ.
ಸುನೀಲನಿಗೆ: ಬೈಗುಳ. ಇನ್ನೂ ವಾಪಸ್ ತೆಗೆದುಕೊಂಡಿಲ್ಲ.
ಅಕ್ಕನಿಗೆ: ಎರಡು ಕಿವಿ, ಎಂಟು ಬೆರಳು.
ನನಗೆ: ಯಾರೂ ಸೀನದ ಒಂದು ಪ್ರಯಾಣ, ಮತ್ತೆ ಇಳಿಸಲು ಜಾಗವಿಲ್ಲದ ಸಿಟ್ಟು.