ರಜಾ ಕೋಟು ಬಿಟ್ಟ

ಹೆಡ್ ಮೇಡಮ್ಮನವರಿಗೆ ಸಂಜೆ ತರಗತಿಯ ಇತಿಹಾಸದ ಮೇಷ್ಟ್ರ ನಮಸ್ಕಾರ.

ಓದುವಾಗ ಅಕ್ಷರ ಕುಣಿದಾಡುವ ದೊಡ್ಡವರಿಗೆ ಇತಿಹಾಸ ತಲೆಗೆ ಹತ್ತಲ್ಲ, ಇನ್‌ಸ್ಪೆಕ್ಟರ್ ಒಪ್ಪದಿದ್ದರೆ ತರಗತಿ ಬಂದ್ ಅಂತ ನೀವು ಬಾಗಿಲಿಗೆ ನೋಟೀಸ್ ಅಂಟಿಸಿದ್ದಿರಿ. ನಿನ್ನೆ ಅವರು ಬಂದರು. ನಮ್ಮ ಟೈಲರಮ್ಮ ಎದ್ದು ನಿಂತು, "ರಾಜ ಕೋಟೆ ಬಿಟ್ಟ" ಅನ್ನುವುದನ್ನು "ರಜಾ ಕೋಟು ಬಿಟ್ಟ" ಅಂತ ಓದಿದರು. ಎಲ್ಲರೂ ಗೊಳ್ಳೆಂದರು. ಪಾಪ, ಅವರ ಮುಖ ಬಾಡಿತು.

ನಾನು ಬಿಡ್ತೀನಾ? "ಪುಸ್ತಕ ಮುಚ್ಚಿಡಮ್ಮ. ಕೋಟು ಯಾಕೆ ಬಿಟ್ಟ, ಅದು ಹೇಳು" ಅಂದೆ.

"ಬಿಗಿಯಾಯ್ತು ಮೇಷ್ಟ್ರೇ! ಸುತ್ತ ಶತ್ರು, ಒಳಗೆ ನೀರಿಲ್ಲ, ದಂಡಿಗೆ ಅನ್ನ ಇಲ್ಲ. ಹೊಲಿಗೆ ಬಿಚ್ಚೋಕೆ ಮುಂಚೆ ತನ್ನ ಜನರನ್ನ ಕರ್ಕೊಂಡು ಹೊರಬಿದ್ದ."

ಇನ್‌ಸ್ಪೆಕ್ಟರ್ ಪೆನ್ನು ಕೆಳಗಿಟ್ಟರು. "ಒಂದು ಕಾರಣಾನೂ ಬಿಡ್ಲಿಲ್ವಲ್ರೀ! ಇವರಿಗೆಲ್ಲ ಪರೀಕ್ಷೆ ಬಾಯಲ್ಲೇ ಮಾಡಿ. ತರಗತಿ ನಡೀಲಿ" ಅಂದರು.

ಹಾಗಾಗಿ ನಮ್ಮ ಕೊಠಡಿಗೆ ಹೊಸ ಬಲ್ಬ್ ಹಾಕಿಸಿ, ಕುರ್ಚಿಗಳೂ ಸಾಲವು, ಕೊಡಿಸಿ. ಬಾಗಿಲ ಮೇಲಿದ್ದ ನೋಟೀಸನ್ನು ಮಾತ್ರ ಹುಡುಕಬೇಡಿ. ಟೈಲರಮ್ಮ ಅಂಚು ಹರಿಯದಂತೆ ನೀಟಾಗಿ ಕಿತ್ತು ನನ್ನ ಕೈಗಿಟ್ಟರು. ಹಿಂಬದಿ ಖಾಲಿ ಇತ್ತು. ಈ ಕಾಗದ ತಿರುಗಿಸಿ ನೋಡಿ.

ಇತಿ ನನ್ನದು, ಹಾಸ ತರಗತಿಯದು,
ನಿಮ್ಮ ಮುದಿ ಮೇಷ್ಟ್ರು